ತಾಯಿತದೊಳಗಿನ ಚೀಟಿ

ಎಪ್ಪತ್ನಾಲ್ಕರ ಬೇಸಿಗೆ. ಹಿರಿಯೂರಿನ ಆಸ್ಪತ್ರೆಯ ಸಾಲಿನಲ್ಲಿ ಪರಮೇಶಪ್ಪ ಮಾಸ್ತರ ಮುಂದೆಯೇ ಧರ್ಮಪುರದ ಕಡೆಯ ಅಕ್ಕ ತಮ್ಮ ನಿಂತಿದ್ದರು. ಅಕ್ಕ ಹುಚ್ಚಕ್ಕನ ಹೆಗಲ ಮೇಲೆ ಜ್ವರದ ಮಗು ಏದುಸಿರು ಬಿಡುತ್ತಿತ್ತು.

“ಜುಂಜಯ್ಯ, ನಮ್ಮ ಡಾಕ್ಟ್ರು ಇರಬೇಕಿತ್ತು ಕಣೋ. ಯಾವುದೋ ಒಂದು ಸೂಜಿ ಇವನಿಗೆ ಆಗಲ್ಲ, ಕೊಟ್ರೆ ಉಸ್ರೇ ನಿಲ್ತೈತೆ. ಅದು ಅವ್ರಿಗೊಬ್ರಿಗೇ ಗೊತ್ತು.”

“ಅವ್ರು ಆಫ್ರಿಕಾಕ್ಕೆ ಹೋದ್ರಲ್ಲಕ್ಕ. ಅಲ್ಲಿ ಹಳ್ಳಿಗಳಾಗೆ ಡಾಕ್ಟ್ರೇ ಇಲ್ವಂತೆ.”

“ನಮ್ಮೂರಾಗೆ ಇನ್ನೊಬ್ರು ಇದ್ರೇನೋ?”

ಜುಂಜಯ್ಯ ಮಗುವಿನ ಹಣೆ ಮುಟ್ಟಿ ನೋಡಿದ.

“ಹೋಗೋವಾಗ ಆ ಸೂಜಿ ಹೆಸ್ರು ಬರ್ಕೊಟ್ಟಿದ್ರಲ್ಲ, ಆ ಚೀಟಿ ಎಲ್ಲಿ?”

“ಕಳೆದುಹೋದೀತು ಅಂತ ತಾಯ್ತದಾಗೆ ಹೊಲಿದು ಇವನ ತೋಳಿಗೇ ಕಟ್ಟೀನಿ.”

“ಬೇಗ ಬಿಚ್ಚು.”

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಜುಂಜಯ್ಯ ಕಾಗದ ಬಿಡಿಸಿದ. ಹಿಂದಿನಿಂದ ಇಣುಕಿದ ಮಾಸ್ತರಿಗೂ ಕಂಡದ್ದು ಒಂದು ನೀಲಿ ಕಲೆ ಮಾತ್ರ.

“ಎಲ್ಡು ವರ್ಸದ ಬೆವರು, ಎಣ್ಣೆನೀರು ಕಣಕ್ಕ. ಒಂದಕ್ಷರಾನೂ ಉಳಿದಿಲ್ಲ.”

ಒಳಗಿನಿಂದ ನರ್ಸಮ್ಮ ಹುಚ್ಚಕ್ಕನ ಹೆಸರು ಕೂಗಿದರು. ಹುಚ್ಚಕ್ಕ ಕಾಗದವನ್ನು ಕಿತ್ತುಕೊಂಡು, ಮಗುವನ್ನು ಅವಚಿಕೊಂಡು ಬಾಗಿಲ ಕಡೆ ನಡೆದಳು.

“ಡಾಕ್ಟ್ರು ಬರ್ದದ್ದು ನಿಂಗೇನು ತಿಳೀತೈತೆ? ಡಾಕ್ಟ್ರಿಗೆ ತಿಳೀತೈತೆ.”