ಕೆಂಪಕ್ಕ ಕೊಟ್ಟ ಹಲ್ಲು

ಹಲ್ಲುನೋವೆಂದು ಮಧುಗಿರಿಯ ಆಸ್ಪತ್ರೆಗೆ ಬಂದು ಕೂತಿದ್ದ ದಾಸಣ್ಣನ ಕಿವಿ, ಪಕ್ಕದಲ್ಲಿದ್ದ ಕುರಿ ಸಾಕುವ ಮನೆಯ ಓರಗಿತ್ತಿಯರ ಮಾತಿಗೆ ಅಂಟಿಕೊಂಡಿತು.

“ಬಾವಿ ನೀರಿಗೆ ಹಲ್ಲು ಕೆಡ್ತೈತಾ ಅಂತ ಪರೀಕ್ಷೆ ಮಾಡೋಕೆ ಡಾಕ್ಟ್ರು ನಿನ್ನ ಬಿದ್ದ ಹಲ್ಲು ಕೇಳಿದ್ರಲ್ಲ, ಕೊಟ್ಯಾ ಅಕ್ಕಯ್ಯಾ?”

“ಅದನ್ನ ಮಕ್ಕಳ ಹಲ್ಲಿನಂಗೆ ಸಗಣೀಲಿ ಸುತ್ತಿ ಸೂರಿನ ಮ್ಯಾಕೆ ಎಸೆದ್ಬುಟ್ಟಿದ್ದೆ ಕಣಮ್ಮ. ಅದ್ಕೇ ನಮ್ಮ ಟಗರಿನ ಹಲ್ಲು ಕೊಟ್ಟೆ.”

“ಅಯ್ಯೋ, ಕೆಡಿಸ್ಬುಟ್ಯಲ್ಲ! ಹಲ್ಲು ಗಟ್ಟಿ ಅಂತ ಬಂದ್ರೆ ನೀರು ಚೆನ್ನಾಗೈತೆ ಅಂತಾರೆ. ಊರಿಗೆ ಹೊಸ ಬೋರು ಹಾಕ್ಸಾಕಿಲ್ಲ!”

“ಟಗರೂ ಅದೇ ನೀರು ಕುಡಿದಿದ್ದಲ್ವೇನೇ?”

“ಅದು ಮೂರು ವರ್ಸ ಕುಡೀತು. ನೀನು ಅರವತ್ತು ವರ್ಸ ಕುಡಿದಿದ್ದೀಯ!”

ಒಳಗಿನಿಂದ ನರ್ಸಮ್ಮ “ಕೆಂಪಕ್ಕ!” ಎಂದು ಕೂಗಿದರು.

“ಇಷ್ಟು ಗಟ್ಟಿ ಹಲ್ಲಿಗೆ ಏನು ತಿಂತೀಯ ಅಂತ ಡಾಕ್ಟ್ರು ಕೇಳಿದ್ರೆ ಏನನ್ಲೇ?”

“ಹುಲ್ಲು ಅನ್ನು, ನಡಿ!”

ಇಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.