ದೋಣಿಯಲ್ಲಿದ್ದ ಮಂಜು

ಮಳವಳ್ಳಿಯ ಬಸ್ ನಿಲ್ದಾಣದಲ್ಲಿ ಆಂಡಾಳ್ ಮದ್ದೂರಿನ ಬಸ್ಸಿಗೆ ಕಾಯುತ್ತಿದ್ದಳು. ಅದೇ ಕಲ್ಲುಬೆಂಚಿನ ಆ ತುದಿಯಲ್ಲಿ, ಮೈಸೂರಿನ ವಾದ್ಯವೃಂದಕ್ಕೆ ಸಂಗೀತ ಬರೆಯುವ ವರದರಾಜನೂ ಅವನನ್ನು ಬಸ್ಸು ಹತ್ತಿಸಲು ಬಂದಿದ್ದ ಬೆಳಕವಾಡಿಯ ಅಂಬಿಗ ಬೆಟ್ಟಯ್ಯನೂ ಕುಳಿತಿದ್ದರು. ಬೇಡವೆಂದರೂ ಅವರ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ನೀನು ದೋಣಿ ನಡೆಸ್ತಿರೋ ಆ ವರ್ಣಚಿತ್ರ ನೋಡಿಯೇ ಈ ಸಂಗೀತ ಬರೆದೆ, ಬೆಟ್ಟಯ್ಯ. ಐದು ನಿಮಿಷದ್ದು. ನಾಡಿದ್ದು ಇಪ್ಪತ್ತು ಜನ ಕೂತು ನುಡಿಸ್ತಾರೆ.”

“ನಾನೊಬ್ಬ ಹುಟ್ಟಾಕಕ್ಕೆ ಇಪ್ಪತ್ತಾಳಾ, ಬುದ್ದಿ?”

“ಪಿಟೀಲುಗಳೆಲ್ಲ ಹೊಳೆ. ಡ್ರಮ್ಮು ನಿನ್ನ ಹುಟ್ಟು. ದೋಣಿಯಲ್ಲಿ ನಿನ್ನ ಪಕ್ಕ ಬೆಳ್ಳಗೆ ಮಂಜು ಕವಿದಿದೆಯಲ್ಲ, ಅದಕ್ಕೆ ಕೊಳಲು. ನಗುನಗುತ್ತಾ ಬರುತ್ತೆ.”

ಬೆಟ್ಟಯ್ಯ ಬೀಡಿ ಆರಿಸಿದ.

“ಅದು ಮಂಜಲ್ಲ. ನನ್ ಮಗಳು ಚಿಕ್ಕನಂಜಿ.”

“ಮಗಳೇ?”

“ಚಿತ್ರದೋರು ಅವಳ್ನೂ ಬರ್ದಿದ್ರು. ವಾರ ಕಳೀನಿಲ್ಲ, ಒಳೆಗೆ ಬಿದ್ದು ತೀರೋದ್ಲು. ಚಿತ್ರದಲ್ಲಿ ಸತ್ತೋಳು ಕುಂತಿರೋಗಂಟ ನಿನ್ ದೋಣಿ ಅತ್ತಕಿಲ್ಲ ಅಂದ್ರು ಊರೋರು. ನಾನೇ ಚಿತ್ರದೋರ ಕಾಲಿಡ್ಕಂಡು ಅವಳ ಮ್ಯಾಲೆ ಬಿಳಿ ಬಳಿಸ್ದೆ.”

“ಗೊತ್ತಿರಲಿಲ್ಲ ಕಣಯ್ಯ. ಆ ಕೊಳಲು ತೆಗೆದುಬಿಡ್ತೀನಿ.”

“ಇನ್ನೊಂದ್ ಸಲ ಅಳಿಸ್ತೀರಾ?”

ಆಂಡಾಳ್ ರಸ್ತೆಯ ಕಡೆಗೆ ಮುಖ ತಿರುಗಿಸಿದಳು.

“ಹಾಗಾದರೆ ಅಳುವ ರಾಗಕ್ಕೆ ತಿದ್ದಲೇ?” ಎಂದ ವರದರಾಜ.

“ಬ್ಯಾಡಿ. ನಗ್ತಾನೇ ಇದ್ಲು ಅವ್ಳು.”

ಮೈಸೂರಿನ ಬಸ್ಸು ಬಂದು ನಿಂತಿತು; ವರದರಾಜ ಹತ್ತಿ ಕಿಟಕಿಯ ಬಳಿ ಕುಳಿತ. ಬೆಟ್ಟಯ್ಯ ಅವನ ಪಿಟೀಲಿನ ಪೆಟ್ಟಿಗೆ ಎತ್ತಿಕೊಂಡ.

“ಆ ಕೊಳಲು ಎಷ್ಟೊತ್ತು ಬತ್ತದೆ?”

“ಅರ್ಧ ನಿಮಿಷ.”

“ಅವ್ಳು ದಡ ಮುಟ್ಟಕ್ಕೆ ಅದು ಸಾಲ್ದು, ಬುದ್ದಿ,” ಎಂದು ಬೆಟ್ಟಯ್ಯ ಪೆಟ್ಟಿಗೆಯನ್ನು ಕಿಟಕಿಯಲ್ಲಿ ಕೊಟ್ಟು, ಬೆಳಕವಾಡಿಯ ದಾರಿ ಹಿಡಿದ.