ಎರಡು ವರ್ಷ ಮೂರು ತಿಂಗಳು

ಮಾನ್ಯ ಅಧ್ಯಕ್ಷರಾದ ವಿಲಿಯಂ ಫ್ಲೆಟ್ ಅವರೇ, ಎಡಿನ್‌ಬರದ ದಾಖಲೆ ಕಚೇರಿಯಿಂದ ಬಸ್ಸು ಬದಲಿಸಿ ಬದಲಿಸಿ ಬಂದಿರುವ ಅತಿಥಿಗಳೇ, ಪೋರ್ಟ್‌ಲಾಗಿ ವಂಶಾವಳಿ ಸಂಘದ ಸದಸ್ಯರೇ, ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು, ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ತಾಯಿ ಬಾರ್ಬರಾ ಅವರೇ, ಚಹಾ ಆರುವ ಮುಂಚೆ ಇವಳು ಮುಗಿಸುತ್ತಾಳೋ ಇಲ್ಲವೋ ಎಂದು ಚಿಂತಿಸುತ್ತಿರುವ ಸಭಿಕರೇ,

ಕಳೆದ ನವೆಂಬರಿನಲ್ಲಿ 1921ರ ಜನಗಣತಿಯ ಪುಸ್ತಕಗಳು ನೂರು ವರ್ಷದ ಬೀಗ ಕಳಚಿಕೊಂಡು ಹೊರಬಂದವು. ಅಂದಿನಿಂದ ಈ ಊರಿನ ನಲವತ್ತೊಂದು ಮನೆಗಳಿಗೆ ಅವರವರ ಹಿರಿಯರನ್ನು ಹುಡುಕಿಕೊಟ್ಟೆನೆಂದು ನನಗೆ ಈ ಗಾಜಿನ ಬಟ್ಟಲು ಕೊಟ್ಟಿದ್ದೀರಿ. ಎಲ್ಲರೂ ಸಂತೋಷಪಟ್ಟರು ಎಂದೇನಿಲ್ಲ. ನಮ್ಮ ಖಜಾಂಚಿಗಳು ಸರದಾರರ ಕುಲ ಎಂದುಕೊಂಡಿದ್ದರು; ಕುರಿ ಕದ್ದವರ ಕುಲ ಎಂದು ಗೊತ್ತಾಯಿತು. ಅಂದಿನಿಂದ ನನಗೆ ಅವರ ನಗೆಯಿಲ್ಲ, ಹಗೆಯೂ ಇಲ್ಲ. ಪ್ರಾಸ ಬಂದುಬಿಟ್ಟಿತು, ಕ್ಷಮಿಸಿ. ಮೂವತ್ತು ವರ್ಷ ಅಂಚೆಚೀಲ ಹೊತ್ತು ಒಬ್ಬಳೇ ನಡೆದವಳಿಗೆ ಮಾತಿಗೆ ಸಿಗುವುದು ಪ್ರಾಸ ಒಂದೇ.

ಇವತ್ತು ನಾನು ಹೇಳಬೇಕಾದದ್ದು ನಲವತ್ತೆರಡನೆಯ ಮನೆಯ ಕಥೆ. ಅದು ನಮ್ಮದೇ.

ನನ್ನ ತಾಯಿ ಎರಡು ವರ್ಷದವಳಿದ್ದಾಗ ಅವಳ ತಾಯಿ ಇಸೊಬೆಲ್ ಅವಳನ್ನು ಬಿಟ್ಟು ಕೆನಡಾಕ್ಕೆ ಓಡಿಹೋದಳು. ಹೀಗೆಂದವಳು ಇಸೊಬೆಲಳ ಅತ್ತೆ ಮ್ಯಾಗಿ ಮೇರ್. ಮಗ ಸಮುದ್ರದ ಪಾಲಾಗಿದ್ದ, ಸೊಸೆ ಪರವೂರಿನವಳು, ಬಂದರಿನಲ್ಲಿ ಮೀನು ಸೀಳುವ ಕೂಲಿಯವಳು. ಮೊಮ್ಮಗಳನ್ನು ಸಾಕಿದ ಮ್ಯಾಗಿಯ ಮಾತಿಗೆ ಎದುರು ಮಾತು ಯಾರು ಆಡಿಯಾರು? ಊರು ನಂಬಿತು. ನನ್ನ ತಾಯಿ ನಂಬಿದಳು. ನಾನೂ ನಂಬಿದೆ. ಎಷ್ಟು ನಂಬಿದೆನೆಂದರೆ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕುಣಿತಕ್ಕೆ ಕಳಿಸಲಿಲ್ಲ ಎಂಬ ಸಿಟ್ಟಿಗೆ, ಅಡುಗೆಮನೆಯಲ್ಲಿ ನಿಂತು ಹೇಳಿದ್ದೆ: "ನಿಮ್ಮಮ್ಮ ನಿನ್ನ ಬಿಟ್ಟು ಓಡಿಹೋಗಿದ್ದು ಯಾಕೇಂತ ಈಗ ಗೊತ್ತಾಯ್ತು ಬಿಡು."

ಅಮ್ಮ ಹೊಡೆಯಲಿಲ್ಲ. "ಸಾರು ಉಕ್ತಾ ಇದೆ, ನೋಡು" ಎಂದಳು.

ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಇರಲಿ.

ನಿವೃತ್ತಳಾದ ಮೇಲೆ ಹನ್ನೊಂದು ವರ್ಷ ಹುಡುಕಿದೆ. ಕೆನಡಾಕ್ಕೆ ಹೋದ ಹಡಗುಗಳ ಪ್ರಯಾಣಿಕರ ಪಟ್ಟಿಗಳನ್ನೆಲ್ಲ ಓದಿದೆ. ಎಷ್ಟೋ ಇಸೊಬೆಲರು ಸಿಕ್ಕರು, ನಮ್ಮವಳು ಸಿಗಲಿಲ್ಲ. ಸತ್ತವರ ಪುಸ್ತಕವನ್ನು ಮಾತ್ರ ತೆರೆಯಲಿಲ್ಲ. ಓಡಿಹೋದವಳನ್ನು ಸತ್ತವರಲ್ಲಿ ಯಾರಾದರೂ ಹುಡುಕುತ್ತಾರೆಯೇ?

ಜನಗಣತಿ ತೆರೆದ ದಿನ ಇಸೊಬೆಲ್ ಮೇರ್ ಎಂದು ಹುಡುಕಿದೆ. ಇಲ್ಲ. ಮರುದಿನವೂ ಇಲ್ಲ. ಅಮ್ಮ ಪಕ್ಕದಲ್ಲಿ ಕೂತು ಹೆಣೆಯುತ್ತಾ ಕೇಳಿದಳು:

"ಮೇರ್ ಅಂತ ಹುಡುಕ್ತಿದ್ದೀಯಾ?"

"ಮತ್ತೇನಂತ ಹುಡುಕ್ಲಿ? ಮದುವೆ ಆಗಿತ್ತಲ್ಲಮ್ಮ."

"ಪೆದ್ದಿ. ಮೀನು ಸೀಳೋ ಹೆಂಗಸರನ್ನ ಗಂಡನ ಹೆಸರಲ್ಲಿ ಯಾರೇ ಕರೀತಿದ್ರು? ಊರು ತುಂಬಾ ಮೇರ್‌ಗಳೇ. ತೌರಿನ ಹೆಸರು ಹಾಕು. ಮೂವತ್ತು ವರ್ಷ ಕಾಗದ ಹಂಚಿದ್ಯಂತೆ."

ತೌರಿನ ಹೆಸರು ಪಿರೀ. ಹಾಕಿದೆ.

ಸಭಿಕರೇ, ಸಿಕ್ಕಳು. ಕೆನಡಾದಲ್ಲಲ್ಲ. ಉತ್ತರದ ಶೆಟ್ಲೆಂಡ್ ದ್ವೀಪಗಳ ಲೆರ್ವಿಕ್ ಬಂದರಿನಲ್ಲಿ, ಮೀನು ಸೀಳುವವರ ಮರದ ಗುಡಿಸಲಿನಲ್ಲಿ. ಜೂನ್ ತಿಂಗಳಲ್ಲಿ ಹೆರಿಂಗ್ ಮೀನು ಎಲ್ಲಿರುತ್ತದೋ ನಮ್ಮ ಹೆಂಗಸರು ಅಲ್ಲಿರುತ್ತಿದ್ದರು. ಇದು ಗೊತ್ತಿದ್ದೂ ಹನ್ನೊಂದು ವರ್ಷ ಕೆನಡಾದ ಕಡೆ ನೋಡುತ್ತಿದ್ದೆನಲ್ಲ, ನನಗೆ ಬಟ್ಟಲು ಕೊಡುವುದು ಸರಿಯೇ, ಯೋಚಿಸಿ. ಜನಗಣತಿಯ ದಿನ ಭಾನುವಾರ, ಚಾಕು ಕೆಳಗಿಟ್ಟ ದಿನ. ಎಣಿಸುವವನು ಬಂದು ಗುಡಿಸಲಿನವರನ್ನು ಬರೆದುಕೊಂಡಿದ್ದಾನೆ. ಸೀಳುವವರು ಇಬ್ಬರು, ಅವರಲ್ಲೊಬ್ಬಳು ಇಸೊಬೆಲ್; ಪೀಪಾಯಿಗೆ ತುಂಬುವವಳು ಒಬ್ಬಳು. ಅವರ ಕೆಳಗೆ ನಾಲ್ಕನೆಯ ಸಾಲು.

ಬಾರ್ಬರಾ ಮೇರ್. ಮಗಳು. ವಯಸ್ಸು ಎರಡು ವರ್ಷ ಮೂರು ತಿಂಗಳು.

ಬಿಟ್ಟು ಹೋಗಿರಲಿಲ್ಲ. ಕರೆದುಕೊಂಡು ಹೋಗಿದ್ದಳು.

ಆಮೇಲೆ ಸತ್ತವರ ಪುಸ್ತಕ ತೆರೆದೆ. ಅದೇ ವರ್ಷ ಆಗಸ್ಟ್, ಲೆರ್ವಿಕ್. ಬೆರಳಿಗೆ ಚಾಕು ತಾಗಿದ ಗಾಯ, ನಂಜೇರಿ ಸಾವು. ಜೊತೆಗಿದ್ದ ಇಬ್ಬರು ಬೇರೆ ಊರಿನವರು. ಮಗುವನ್ನು ತಂದು ಮ್ಯಾಗಿಯ ಬಾಗಿಲಿಗೆ ಮುಟ್ಟಿಸಿದವರು ಅವರೇ ಇರಬೇಕು. ಮ್ಯಾಗಿ ಏಕೆ ಸುಳ್ಳಾಡಿದಳು? ನನ್ನ ತಾಯಿಗೆ ಒಂದು ನೆನಪಿದೆ. ಕೊನೆಗಾಲದಲ್ಲಿ ಮುದುಕಿ ಗೋಡೆಗೆ ಹೇಳುತ್ತಿದ್ದಳಂತೆ: "ಹೋದ್ರೆ ತಿರುಗಿ ಬರಬೇಡ ಅಂದ್ಬಿಟ್ಟೆ. ಬರಲೇ ಇಲ್ಲ ನೋಡು." ಆಡಿದ ಮಾತು ನಿಜವಾದದ್ದನ್ನು ಹೊರಲಾರದೆ ಆಕೆ ಸತ್ತವಳನ್ನು ಕೆನಡಾಕ್ಕೆ ಕಳಿಸಿದಳು. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಅಡುಗೆಮನೆಯಲ್ಲಿ ನಿಂತು ನಾನು ಆಡಿದ್ದೇನು ಕಡಿಮೆಯೇ?

ಆ ನಾಲ್ಕನೆಯ ಸಾಲನ್ನು ಅಮ್ಮನಿಗೆ ದೊಡ್ಡದಾಗಿ ಮಾಡಿ ತೋರಿಸಿದೆ. ಬೆರಳಿಟ್ಟು ಓದಿದಳು.

"ಮೂರು ತಿಂಗಳು ಅಂತ ಯಾರು ಹೇಳಿದ್ದು ಅವನಿಗೆ?"

"ನಿಮ್ಮಮ್ಮನೇ ಹೇಳಿರ್ತಾಳೆ. ಇನ್ಯಾರು?"

"ತಿಂಗಳು ಸಹಿತ ಲೆಕ್ಕ ಇಟ್ಟಿದ್ಳು" ಎಂದಳು. ಹೆಣಿಗೆ ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. "ನೂರು ವರ್ಷ ಅವಳ ಮೇಲೆ ಕೋಪ ಸಾಕಿದ್ದೀನಲ್ಲೇ. ಇನ್ನು ಅದನ್ನ ಎಲ್ಲಿಡ್ಲಿ?"

ಇದನ್ನು ಗೆಲುವು ಎನ್ನದೆ ಏನೆನ್ನಲಿ? ನೂರಾನಾಲ್ಕನೆಯ ವಯಸ್ಸಿನಲ್ಲಿ ಒಬ್ಬಾಕೆಗೆ ತಾಯಿ ಸಿಕ್ಕಿದ್ದಾಳೆ. ಸಮುದ್ರದ ಪಾಲಾದ ಅಜ್ಜನ ನೆನಪಿನ ಕಲ್ಲಿನಲ್ಲಿ ಅವನ ಹೆಸರಿನ ಕೆಳಗೆ ಮ್ಯಾಗಿ ಖಾಲಿ ಬಿಡಿಸಿದ್ದ ಜಾಗದಲ್ಲಿ ಮೊನ್ನೆ ಮಂಗಳವಾರ ಕಲ್ಲುಕುಟಿಗ ಇಸೊಬೆಲ್ ಪಿರೀ ಎಂದು ಕೆತ್ತಿದ. ನೂರೆರಡು ವರ್ಷ ಕಾದ ಕಲ್ಲು, ಕೊನೆಗೂ ಅದಕ್ಕೊಂದು ಸೊಲ್ಲು.

ಬರುವ ತಿಂಗಳು ನಾವಿಬ್ಬರೂ ಲೆರ್ವಿಕ್‌ಗೆ ಹೊರಟಿದ್ದೇವೆ. ಹಡಗಿನಲ್ಲಿ ಹದಿನಾಲ್ಕು ಗಂಟೆ. "ಈ ವಯಸ್ಸಲ್ಲಿ ಮೆಟ್ಟಿಲು ಹೇಗಮ್ಮ ಹತ್ತುತ್ತೀಯ?" ಎಂದು ಕೇಳಿದೆ.

"ಹೋದ ಸಲ ನಮ್ಮಮ್ಮ ಎತ್ಕೊಂಡು ಹೋಗಿದ್ಳು. ಈ ಸಲ ನೀನು ಎತ್ಕೋ."

ಬೀಗ ತೆಗೆದ ಕಚೇರಿಯವರಿಗೆ, ಬಟ್ಟಲು ಕೊಟ್ಟ ಸಂಘಕ್ಕೆ, ತೌರಿನ ಹೆಸರು ನೆನಪಿಸಿದ ತಾಯಿಗೆ, ಚಹಾ ಆರಿದರೂ ಕೂತಿದ್ದ ನಿಮಗೆಲ್ಲರಿಗೂ ಋಣಿ. ಸಭೆಯ ಅಪ್ಪಣೆಯಾದರೆ ಬೆನ್ನು ಗಟ್ಟಿಮಾಡಿಕೊಳ್ಳಲು ಹೊರಡುತ್ತೇನೆ. ನಮಸ್ಕಾರ.